ಗಗನಮಂಜಿಯ ಹೊಸ ಯಜಮಾನ

ಅಲ್ ಹಿಲಾಲ್, ದೋಹಾ
9 ಫೆಬ್ರವರಿ 2024

ಪ್ರೀತಿಯ ಪೃಥ್ವಿ,

ನಮ್ಮ ಕೂಟದ ಉಮಾವತಿ ನಾಳೆ ಊರಿಗೆ ಹೊರಟಿದ್ದಾಳೆ. ಅವಳ ಪೆಟ್ಟಿಗೆಯಲ್ಲಿ ಖರ್ಜೂರ, ಬಾದಾಮಿ, ಅತ್ತೆಯ ಮಂಡಿನೋವಿನ ಎಣ್ಣೆ, ಅದರಡಿಯಲ್ಲಿ ಈ ಪತ್ರ. ವಾಟ್ಸಾಪ್ ಇರುವಾಗ ಇದೆಂಥ ಹಳೇ ಕಾಲದ್ದು ಎಂದು ನಗಬೇಡ ಮಾರಾಯ. ಅಲ್ಲಿ ನಾನು ಹತ್ತು ಸಾಲು ಬರೆದರೆ ನೀನೊಂದು ಹೆಬ್ಬೆರಳು ಎತ್ತಿ ಕಳಿಸುತ್ತೀ. ಯಜಮಾನರ ಜೊತೆ ಮಾತಾಡುವುದಿದ್ದರೆ ಕಾಗದದಲ್ಲೇ ಆಗಬೇಕು.

ಹೌದು, ಯಜಮಾನ. ನೀನು ಗಗನಮಂಜಿ ಸರಣಿಗೆ ಯಜಮಾನನಾದ ಸುದ್ದಿ ಬಂದ ದಿನ ಮೊಯ್ದಿನ್ ಮುಶೈರಿಬಿನ ತನ್ನ ಹೊಲಿಗೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಸುಲೈಮಾನಿ ಚಹಾ ಕುಡಿಸಿದನಂತೆ. ಅಲ್ ರಯ್ಯಾನಿನಲ್ಲಿ ನಾಲ್ವರ ಜೊತೆ ಕೋಣೆ ಹಂಚಿಕೊಂಡು, ಕಟ್ಟಡಗಳ ಸಿಮೆಂಟು ಕಬ್ಬಿಣ ಅಳೆಯುತ್ತಿದ್ದ ನಮ್ಮ ಹುಡುಗ ಮಂಗಳೂರಿಗೆ ಹೋಗಿ ಮಂಜಿಯ ಚುಕ್ಕಾಣಿ ಹಿಡಿದ ಎಂದರೆ ಸಣ್ಣ ಮಾತಾ? ನನಗಂತೂ ಎರಡು ದಿನ ಆಫೀಸಿನ ಕೆಲಸಕ್ಕೆ ಕೈ ಹೋಗಲಿಲ್ಲ.

ಸಂತೋಷ ಅಷ್ಟು. ಇನ್ನು ಬುದ್ಧಿಮಾತು. ನಿನಗೆ ಗೊತ್ತಿಲ್ಲದ್ದನ್ನೇನೂ ನಾನು ಹೇಳುವುದಿಲ್ಲ, ಆದರೆ ಕುರ್ಚಿಯಲ್ಲಿ ಕೂತವರಿಗೆ ಮರೆವು ಬೇಗ ಬರುತ್ತದೆ.

ಯೂಸ್ಟೇಸ್ ಮಾಸ್ತರರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ವಾರಪತ್ರಿಕೆಗೆ ಗಗನಮಂಜಿಯ ಕಥೆ ಬರೆಯತೊಡಗಿದಾಗ ನಾನು ಫ್ರಾಕ್ ಹಾಕುವ ಹುಡುಗಿ. ಹಿಂದೆ ನಮ್ಮ ಕಡಲಲ್ಲಿ ಹೆಂಚು, ಉಪ್ಪು ಸಾಗಿಸುತ್ತಿದ್ದ ಹಾಯಿಮಂಜಿಯ ಹಾಗೆ ಆಕಾಶದಲ್ಲಿ ಗ್ರಹದಿಂದ ಗ್ರಹಕ್ಕೆ ಸರಕು ಒಯ್ಯುವ ಒಂದು ನೌಕೆ. ಅದನ್ನು ನಡೆಸುವ ತಂಡೇಲ ದೇವಕಿ. ನೌಕೆಯ ಯಂತ್ರಮಿದುಳಿಗೆ ಭಾಗವತ ಎಂದು ಹೆಸರು, ಯಾಕೆಂದರೆ ಅದು ತಾಳ ಹಾಕದೆ ಯಾರೂ ಹೆಜ್ಜೆ ಎತ್ತುವಂತಿಲ್ಲ. ಒಂದು ಗ್ರಹದಲ್ಲಿ ಉಪ್ಪು ಇಳಿಸುವುದಕ್ಕೇ ಮಾಸ್ತರರು ಮೂರು ವಾರ ತೆಗೆದುಕೊಳ್ಳುತ್ತಿದ್ದರು, ನಾವು ಬಾಯಿ ಬಿಟ್ಟುಕೊಂಡು ಓದುತ್ತಿದ್ದೆವು. ಅದು ಪುಸ್ತಕವಾಯಿತು, ರೇಡಿಯೊ ನಾಟಕವಾಯಿತು. ಮಾಸ್ತರರು ಮಾತ್ರ ಒಂದು ಕಟ್ಟಳೆ ಬಿಡಲಿಲ್ಲ. ದೇವಕಿ ತನ್ನ ಜನಕ್ಕೆ ಸುಳ್ಳು ಹೇಳುವುದಿಲ್ಲ.

ಅವರು ತೀರಿಕೊಂಡ ಮೇಲೆ ವಿಕಾಸ್ ಎಂಬ ವ್ಯಾಪಾರಿ ಬಂದ, ಹಕ್ಕು ಕೊಂಡುಕೊಂಡ, ಫೋನಿನಲ್ಲಿ ನೋಡುವ ಸರಣಿ ಮಾಡಿದ, ದೇವಕಿಯ ಕೈಗೆ ಬಂದೂಕು ಕೊಟ್ಟ. ನಾವು ಅವನನ್ನು ಬೈದು ಬೈದು ನೋಡಿದೆವು, ನೋಡಿ ನೋಡಿ ಬೈದೆವು. ಯಜಮಾನ ಕೆಟ್ಟವನಾದ ಎಂದು ಯಕ್ಷಗಾನ ಮೇಳದ ಆಟ ನೋಡುವುದನ್ನು ಬಿಡಲಿಕ್ಕಾಗುತ್ತದಾ ಎಂದು ಮೊಯ್ದಿನ್ ಹೇಳುತ್ತಿದ್ದದ್ದು ನೆನಪುಂಟಲ್ಲ. ಈಗಲೂ ಹಣ ಅವನದೇ ಇರಲಿ, ಕಥೆ ನಡೆಸುವ ಯಜಮಾನ ನೀನು.

ನಮ್ಮ ಕೂಟ ಈಗಲೂ ಶುಕ್ರವಾರ ಮಧ್ಯಾಹ್ನ ನನ್ನ ಮನೆಯಲ್ಲೇ ಸೇರುತ್ತದೆ. ತನಿಯಣ್ಣ ಪದ ಹೇಳುತ್ತಾನೆ, ಮೊಯ್ದಿನ್ ಚೆಂಡೆಯ ಬದಲು ಬಿಸ್ಕತ್ತಿನ ಡಬ್ಬಿ ಬಾರಿಸುತ್ತಾನೆ, ನಾವು ವೇಷ ಕುಣಿತ ಯಾವುದೂ ಇಲ್ಲದೆ ಕೂತಲ್ಲೇ ಮಂಜಿಯ ಪಾತ್ರಗಳಾಗಿ ವಾದ ಮಾಡುತ್ತೇವೆ. ಗಗನಮಂಜಿಯ ತಾಳಮದ್ದಳೆ ಮಾಡುವ ಹುಚ್ಚರು ಭೂಮಿಯ ಮೇಲೆ ನಾವು ಮಾತ್ರವೇ ಇರಬೇಕು. ದೇವಕಿಯಾಗಿ ಮಾತಾಡುವ ಅರ್ಥ ನನ್ನದೇ. ಎದುರಾಳಿ ಸುಂಕದವನಾಗಿ ನೀನು ಕೂರುತ್ತಿದ್ದ ಜಾಗ ಖಾಲಿ ಉಂಟು, ಅಲ್ಲಿ ಕೂರಲು ಯಾರಿಗೂ ಧೈರ್ಯವಿಲ್ಲ. ಕೂಟದ ನಿಯಮವೂ ಹಾಗೇ ಉಂಟು. ರೆಕಾರ್ಡ್ ಮಾಡಬಾರದು, ಮಂಗಳ ಹಾಡಿದ ಮೇಲೆ ಆಡಿದ ಮಾತನ್ನು ಅಲ್ಲೇ ಬಿಟ್ಟು ಏಳಬೇಕು.

ಸರಣಿಯ ಒಂದೊಂದು ಭಾಗ ಮುಗಿದಾಗ ಯಜಮಾನನಿಗೆ ತೀರ್ಪು ಕೊಡುವ ಕ್ರಮವನ್ನೂ ಬಿಟ್ಟಿಲ್ಲ. ‘ಯಲ್ಲಾ’ ಎಂದರೆ ಮುಂದೆ ಹೋಗು, ‘ಖಲಾಸ್’ ಎಂದರೆ ಇಳಿದು ಮನೆಗೆ ನಡೆ. ವಿಕಾಸನಿಗೆ ಪ್ರತಿ ಸಲವೂ ಖಲಾಸ್. ನಿನಗೆ ಹಾಗೆ ಹೇಳುವ ದಿನ ನನಗೆ ಬಾರದಿರಲಿ.

ನಿನ್ನ ಅಕ್ಕ,
ಜ್ಯೋತ್ಸ್ನಾ


ಕದ್ರಿ, ಮಂಗಳೂರು
3 ಮಾರ್ಚ್ 2024

ಪ್ರೀತಿಯ ಜ್ಯೋತ್ಸ್ನಕ್ಕ,

ಉಮಾವತಿ ಪತ್ರ ಕೊಟ್ಟಳು. ಖರ್ಜೂರ ಕೊಡಲಿಲ್ಲ. ಸ್ವಲ್ಪ ವಿಚಾರಿಸಿ.

ಮಾಸ್ತರರ ಫೋಟೊ ನನ್ನ ಮೇಜಿನ ಎದುರೇ ಇದೆ. ಅದರ ಪಕ್ಕದಲ್ಲಿ ಒಂದು ದೊಡ್ಡ ಪರದೆ, ಅದರಲ್ಲಿ ಯಾವ ಕಂತಿನ ಯಾವ ಗಳಿಗೆಯಲ್ಲಿ ಎಷ್ಟು ಜನ ನೋಡುವುದನ್ನು ನಿಲ್ಲಿಸಿದರು ಎಂದು ತೋರಿಸುವ ಗೆರೆ. ಮಾಸ್ತರರ ಮುಖ ನೋಡಿದರೆ ನಿಧಾನಕ್ಕೆ ಉಪ್ಪು ಇಳಿಸೋಣ ಅನಿಸುತ್ತದೆ. ಗೆರೆ ನೋಡಿದರೆ ಉಪ್ಪಿನ ಮೊದಲ ಚೀಲ ಇಳಿಯುವಾಗಲೇ ಅರ್ಧ ಜನ ಎದ್ದು ಹೋಗಿರುತ್ತಾರೆ. ವಿಕಾಸ್ ನಾವು ದೋಹಾದಲ್ಲಿ ಕೂತು ಕಟ್ಟಿಕೊಂಡಂಥ ರಾಕ್ಷಸ ಅಲ್ಲ ಅಕ್ಕ. ದಿನಾ ಬಂದು ಒಂದೇ ಪ್ರಶ್ನೆ ಕೇಳುತ್ತಾನೆ, ಈ ಸಲ ಜನ ಅಳುತ್ತಾರಾ ಅಂತ. ಈ ಭಾಗ ಸೋತರೆ ಮಂಜಿಯನ್ನೇ ಮುಚ್ಚುತ್ತಾನಂತೆ. ಹೆದರಿಸುವುದಕ್ಕೆ ಹೇಳಿದ್ದಲ್ಲ, ಅವನ ಮುಖ ನೋಡಿದರೆ ಗೊತ್ತಾಗುತ್ತದೆ.

ಸಭೆಯಲ್ಲಿ ಕೂತು ಯಜಮಾನನನ್ನು ಬೈಯುವುದು ಎಷ್ಟು ಸುಖ ಎಂದು ಯಜಮಾನನಾದ ಮೇಲೆ ಗೊತ್ತಾಯಿತು. ಇರಲಿ. ದೇವಕಿಯ ಕೈಯಿಂದ ಬಂದೂಕು ಕಿತ್ತುಕೊಂಡಿದ್ದೇನೆ, ಅದೊಂದಕ್ಕೇ ಎರಡು ವಾರ ಜಗಳವಾಯಿತು. ಅವಳ ಕೂದಲೂ ಕೊಂಕದ ಹಾಗೆ ನೋಡಿಕೊಳ್ಳುವ ಹೊಣೆ ನನ್ನದು.

ಸುಂಕದವನ ಜಾಗ ಖಾಲಿಯೇ ಇರಲಿ. ನಾನೇ ಬಂದು ಕೂರುತ್ತೇನೆ.

ನಿಮ್ಮ ತಮ್ಮ,
ಪೃಥ್ವಿ


ಅಲ್ ಹಿಲಾಲ್, ದೋಹಾ
14 ಜೂನ್ 2024

ಪ್ರೀತಿಯ ಪೃಥ್ವಿ,

ನಡುವೆ ಎರಡು ಪತ್ರ ಹಾಕಿದ್ದೆ, ಉತ್ತರವಿಲ್ಲ. ದೊಡ್ಡವನಾಗಿದ್ದೀ, ಇರಲಿ. ಇವತ್ತಿನದಕ್ಕೆ ಮಾತ್ರ ಉತ್ತರ ಬೇಕೇ ಬೇಕು, ಯಾಕೆಂದರೆ ಇದು ಕೂಟದ ಪರವಾಗಿ ಬರೆಯುತ್ತಿರುವುದು.

ಹೊಸ ಭಾಗದ ಮುನ್ನೋಟ ನೋಡಿದೆವು. ಎಲ್ಲ ಚೆಂದವೇ ಇತ್ತು. ಬಂದೂಕು ಇರಲಿಲ್ಲ, ಉಪ್ಪು ಇತ್ತು, ತನಿಯಣ್ಣ ಕೈ ತಟ್ಟಿದ. ಕೊನೆಯಲ್ಲಿ ದೇವಕಿ ಒಬ್ಬಳೇ ಕೂತು ಭಾಗವತನ ಕಡೆ ತಿರುಗಿ ನಗುತ್ತಾಳೆ. “ಅವರೆಲ್ಲ ನಂಬಿದರು” ಎನ್ನುತ್ತಾಳೆ. ಪರದೆ ಕಪ್ಪಾಗುತ್ತದೆ.

ಕೂಟದವರೆಲ್ಲ ಒಮ್ಮೆಲೇ ಬಾಯಿ ಮಾಡಿದರು. ದೇವಕಿ ತನ್ನ ಜನಕ್ಕೆ ಸುಳ್ಳು ಹೇಳಿದಳಾ? ಮಾಸ್ತರರು ಸಾಯುವವರೆಗೆ ಕಾಪಾಡಿದ್ದನ್ನು ಇವನು ಆರೇ ತಿಂಗಳಲ್ಲಿ ಕಡಲಿಗೆ ಹಾಕಿದನಾ? ವಿಕಾಸ್ ಹೊರಗಿನವ, ಅವನಿಗೆ ಗೊತ್ತಿರಲಿಲ್ಲ, ಇವನು ಗೊತ್ತಿದ್ದೇ ಮಾಡಿದ್ದಾನೆ ಎಂದು ಮೊಯ್ದಿನ್ ಹೇಳಿದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು ಎಂದು ತನಿಯಣ್ಣ. ನಿನ್ನನ್ನು ಬೆಳೆಸಿದವರೇ ನಿನಗೆ ಹೆಚ್ಚು ಬೈಯುವುದು, ಅದು ನಿನಗೂ ಗೊತ್ತು.

ಮಸ್ಕತ್ತಿನವರು, ಕುವೈತಿನವರು ಸೇರಿ ನಿನ್ನನ್ನು ಇಳಿಸಬೇಕೆಂದು ಕಂಪನಿಗೆ ಮನವಿ ಬರೆದಿದ್ದಾರೆ. ಗಲ್ಫಿನಲ್ಲಿ ಎಲ್ಲಕ್ಕಿಂತ ಹಳೆಯ ಕೂಟ ನಮ್ಮದು, ದೋಹಾದ ದೇವಕಿ ಹೆಸರು ಹಾಕಿದರೆ ಉಳಿದವರೆಲ್ಲ ಹಾಕುತ್ತೇವೆ ಎಂದು ಕಾದು ಕೂತಿದ್ದಾರೆ. ನಾನು ಇನ್ನೂ ಹಾಕಿಲ್ಲ.

ಒಂದೇ ಪ್ರಶ್ನೆ. ದೇವಕಿ ತನ್ನ ಜನಕ್ಕೆ ಸುಳ್ಳು ಹೇಳುತ್ತಾಳಾ? ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ಹೌದಾದರೆ ಹೌದು, ಇಲ್ಲವಾದರೆ ಇಲ್ಲ.

ನಿನ್ನ ಅಕ್ಕ,
ಜ್ಯೋತ್ಸ್ನಾ


ಕದ್ರಿ, ಮಂಗಳೂರು
27 ಜೂನ್ 2024

ಜ್ಯೋತ್ಸ್ನಕ್ಕ,

ಇಲ್ಲ.

ಮುನ್ನೋಟ ಕತ್ತರಿಸುವುದು ಬೇರೆಯವರು. ಎಲ್ಲಿಯದೋ ಮಾತನ್ನು ಎಲ್ಲಿಗೋ ಅಂಟಿಸಿದ್ದಾರೆ. ಕೊನೆಯ ಕಂತು ಬರುವ ತನಕ ಆ ಮನವಿಯನ್ನು ತಡೆಯಿರಿ. ಈಗ ಅದು ವಿಕಾಸನ ಮೇಜಿಗೆ ಬಂದರೆ ನಾನೂ ಇಲ್ಲ, ಮಂಜಿಯೂ ಇಲ್ಲ. ಬೇರೆ ಯಾರು ಹೇಳಿದರೂ ಜನ ಕೇಳುವುದಿಲ್ಲ, ನೀವು ಹೇಳಿದರೆ ಕೇಳುತ್ತಾರೆ.

ನನ್ನನ್ನು ನಂಬಿ ಅಕ್ಕ.

ಪೃಥ್ವಿ


ಅಲ್ ಹಿಲಾಲ್, ದೋಹಾ
12 ಜುಲೈ 2024

ಪ್ರೀತಿಯ ಪೃಥ್ವಿ,

ಹೇಳಿದ್ದೇನೆ. ಮಸ್ಕತ್ತಿಗೂ ಕುವೈತಿಗೂ ಫೋನ್ ಮಾಡಿ, ಆ ಹುಡುಗನಿಗೆ ನಾನು ಜಾಮೀನು ಎಂದೆ. ಮನವಿ ನಿಂತಿದೆ. ಮೊಯ್ದಿನ್ ಮಾತ್ರ ಡಬ್ಬಿ ಕೆಳಗಿಟ್ಟು, ನಿಮ್ಮ ಮುಖ ನೋಡಿ ಸುಮ್ಮನಿದ್ದೇನೆ, ಅವನ ಮುಖ ನೋಡಿ ಅಲ್ಲ ಎಂದ. ಎರಡು ಶುಕ್ರವಾರ ಬರಲೂ ಇಲ್ಲ. ಅವನನ್ನು ಒಲಿಸಿ ಕರೆತರಲು ನಾನೇ ಅಂಗಡಿಗೆ ಹೋಗಬೇಕಾಯಿತು.

ಇಲ್ಲಿ ಬಿಸಿಲು ಹೇಳಿ ಸುಖವಿಲ್ಲ. ನಿನ್ನ ಆ ಒಂದು ‘ಇಲ್ಲ’ ನನಗೆ ನೆರಳಾಯಿತು.

ನಿನ್ನ ಅಕ್ಕ,
ಜ್ಯೋತ್ಸ್ನಾ


ಅಲ್ ಹಿಲಾಲ್, ದೋಹಾ
20 ಸೆಪ್ಟೆಂಬರ್ 2024

ಪೃಥ್ವಿರಾಜ್,

ಇವತ್ತು ಮಧ್ಯಾಹ್ನ ಇಡೀ ಕೂಟ ಸೇರಿ ನನ್ನ ಮನೆಯ ಗೋಡೆಗೆ ಪ್ರೊಜೆಕ್ಟರ್ ಹಾಕಿ ಕೊನೆಯ ಕಂತು ನೋಡಿದೆವು.

ಮಂಜಿಯಲ್ಲಿ ದಂಗೆ ಎದ್ದಿದೆ. ಊರಿಗೆ ತಿರುಗಿಸಿ ಎಂದು ಜನ ಬಾಗಿಲು ಬಡಿಯುತ್ತಿದ್ದಾರೆ. ದೇವಕಿ ಎದ್ದು ನಿಂತು ಹೇಳುತ್ತಾಳೆ: “ನನ್ನ ಅಮ್ಮ ಇವತ್ತು ಹೋದಳು. ಅಂಗಳದ ಮೇಲೆ ಹಾದುಹೋದ ಬೆಳಕಿಗೆಲ್ಲ ಕೈ ಬೀಸುತ್ತಿದ್ದಳು, ಅದರಲ್ಲಿ ನಾನಿದ್ದೇನೆ ಅಂತ. ಯಾವುದರಲ್ಲೂ ನಾನಿರಲಿಲ್ಲ. ಇನ್ನು ಮಂಜಿ ತಿರುಗಿಸಿದರೂ ಕೈ ಬೀಸುವವರು ಯಾರಿದ್ದಾರೆ? ಇಳಿಸಬೇಕಾದ ಸರಕು ಉಂಟು, ನಡೆಯಿರಿ.”

ನನ್ನ ಮಾತಿನ ಒಂದು ಅಕ್ಷರ ಬದಲಾಯಿಸಿಲ್ಲ ನೀನು. ನೆನಪಿಟ್ಟುಕೊಂಡಿದ್ದೆಯೋ, ರೆಕಾರ್ಡ್ ಮಾಡಿಕೊಂಡಿದ್ದೆಯೋ, ನಾನು ಕೇಳುವುದಿಲ್ಲ.

ಆ ದಿನ ನಿನಗೆ ನೆನಪಿಲ್ಲದೆ ಇಲ್ಲ. ಕೊರೊನಾದ ಏಪ್ರಿಲ್. ವಿಮಾನ ನಿಂತಿತ್ತು, ಕೂಟ ಫೋನಿನ ಪರದೆಯಲ್ಲಿ ನಡೆಯುತ್ತಿತ್ತು. ಬೆಳಿಗ್ಗೆ ಅಮ್ಮ ತೀರಿಕೊಂಡಳು. ಅಣ್ಣ ಸ್ಮಶಾನದಿಂದ ಫೋನಿನಲ್ಲಿ ತೋರಿಸುತ್ತಿದ್ದವನು, ಬೆಂಕಿ ಕೊಡುವಾಗ ಇದನ್ನೆಲ್ಲ ಹಿಡಿಯಬಾರದು, ಇಡುತ್ತೇನೆ ಎಂದು ಇಟ್ಟುಬಿಟ್ಟ. ನಾನು ಹಾಸಿಗೆಯ ಮೇಲೆ ಕೂತಿದ್ದೆ, ಕಣ್ಣಲ್ಲಿ ಒಂದು ಹನಿ ಇಲ್ಲ. ಅಷ್ಟರಲ್ಲಿ ಕೂಟದ ಕರೆ ಬಂತು. ಯಾಕೆ ಎತ್ತಿದೆನೋ ಗೊತ್ತಿಲ್ಲ, ಮನುಷ್ಯರ ಮುಖ ನೋಡಬೇಕಿತ್ತು ಅಷ್ಟೇ. ಅವತ್ತಿನ ಕಥೆ ಉಪ್ಪಿನ ಸುಂಕದ ಜಗಳ. ನೀನು ಸುಂಕದವನಾಗಿ, ಮಂಜಿ ತಿರುಗಿಸು ಎಂದು ಜೋರು ಮಾಡುತ್ತಿದ್ದೆ. ನಡುವೆ ನನ್ನ ಬಾಯಿಂದ ಆ ಮಾತು ಬಂತು, ಜೊತೆಗೆ ಅಳು ಬಂತು. ಯಾರಿಗೂ ಏನೂ ಗೊತ್ತಿರಲಿಲ್ಲ, ನಿನಗೆ ಮಾತ್ರ ತಿಳಿಯಿತು. ವಾದ ಬಿಟ್ಟು, ಪಾತ್ರವನ್ನು ಬಿಡದೆ, “ತಂಡೇಲರೇ, ಇವತ್ತು ನಿಮ್ಮ ಮಂಜಿಗೆ ಸುಂಕವಿಲ್ಲ” ಎಂದೆ. ಆ ಒಂದು ಮಾತಿಗೆ ನಾನು ನಿನ್ನನ್ನು ಒಡಹುಟ್ಟಿದವರ ಸಾಲಿನಲ್ಲಿ ಕೂರಿಸಿದ್ದೆ. ಮಂಗಳವಾದ ಮೇಲೆ ಎಲ್ಲರಿಗೂ ಅಮ್ಮ ಹೋದದ್ದು ಹೇಳಿದೆ. ಕೂಟದವರೆಲ್ಲ ಸೇರಿ ಅತ್ತೆವು.

ಅದೇ ಮಾತು ಇವತ್ತು ಗೋಡೆಯ ಮೇಲೆ. ಕಳ್ಳತನ ಎಂದುಕೊಂಡು ಅಷ್ಟಕ್ಕೇ ಬಿಡುತ್ತಿದ್ದೆನೇನೋ. ಆದರೆ ದಂಗೆ ಇಳಿದ ಮೇಲೆ ದೇವಕಿ ಒಬ್ಬಳೇ ಕೂತು ನಗುತ್ತಾಳೆ: “ಭಾಗವತಾ, ನನಗೆ ಅಮ್ಮನೇ ಇರಲಿಲ್ಲ. ಆದರೂ ಅತ್ತರು ನೋಡು. ಅವರೆಲ್ಲ ನಂಬಿದರು.”

ನಾನು ಸುತ್ತ ನೋಡಿದೆ. ಈಗ ಏಳುತ್ತಾರೆ, ಈಗ ಮೊಯ್ದಿನ್ ಡಬ್ಬಿ ಎಸೆಯುತ್ತಾನೆ ಎಂದುಕೊಂಡೆ. ಉಮಾವತಿ ಶಾಲಿನಿಂದ ಕಣ್ಣು ಒರೆಸುತ್ತಿದ್ದಳು. ಎಂಥಾ ಹೊಡೆತ ಕೊಟ್ಟ ಮಾರಾಯ್ರೇ ಎಂದು ತನಿಯಣ್ಣ ತಲೆ ಆಡಿಸಿದ. ಇಳಿಸಬೇಕು ಎಂದಿದ್ದ ಮೊಯ್ದಿನೇ ಮೊದಲು ಯಲ್ಲಾ ಎಂದ. ಆಮೇಲೆ ಎಲ್ಲರೂ ಯಲ್ಲಾ, ಯಲ್ಲಾ. ಇದು ನಿಮ್ಮ ಮಾತಲ್ವಾ ಅಕ್ಕ, ನಮ್ಮ ಕೂಟದ ಮಾತು ಪ್ರಪಂಚಕ್ಕೆಲ್ಲ ಹೋಯಿತಲ್ಲ ಎಂದು ಉಮಾವತಿ ನನ್ನ ಕೈ ಹಿಡಿದಳು. ಅಂದು ನನ್ನ ಜೊತೆ ಅತ್ತವರು ಇವರೇ. ಅಮ್ಮನೇ ಇರಲಿಲ್ಲ ಎಂಬುದು ಯಾರ ಕಿವಿಗೂ ಚುಚ್ಚಲಿಲ್ಲ. ಮಾಸ್ತರರ ಕಟ್ಟಳೆ ಎಲ್ಲಿ ಹೋಯಿತು ಎಂದೂ ಯಾರೂ ಕೇಳಲಿಲ್ಲ. ಅಳು ಬಂದರೆ ಯಜಮಾನ ಪಾಸು, ಅಷ್ಟೇ ನಮ್ಮ ತೀರ್ಪು. ನನ್ನ ಸರದಿ ಬಂದಾಗ ನಾನು ಚಹಾ ಇಡುವ ನೆವದಲ್ಲಿ ಎದ್ದು ಹೋದೆ. ಯಾರೂ ಗಮನಿಸಲಿಲ್ಲ.

ನನಗೆ ನೀನು ಮೋಸ ಮಾಡಿದ್ದೀ. ನಿನಗೆ ಜಾಮೀನು ನಿಂತ ನನ್ನ ಕೈಯಿಂದಲೇ ಬಾಗಿಲು ತೆಗೆಸಿ ಮಾಡಿದ್ದೀ.

ಜ್ಯೋತ್ಸ್ನಾ


ಕದ್ರಿ, ಮಂಗಳೂರು
6 ಅಕ್ಟೋಬರ್ 2024

ಜ್ಯೋತ್ಸ್ನಕ್ಕ,

ನಿಮ್ಮ ಪತ್ರ ಓದಿ ಒಂದು ವಾರ ಮೇಜಿನ ಖಾನೆಯಲ್ಲಿಟ್ಟಿದ್ದೆ. ಉತ್ತರ ಹೇಗೆ ಬರೆದರೂ ಸಮಜಾಯಿಷಿಯಾಗುತ್ತದೆ. ಆದರೂ ಬರೆಯುತ್ತೇನೆ.

ಹೌದೆಂದು ಬರೆದಿದ್ದರೆ ನೀವು ಆ ಮನವಿಗೆ ಹೆಸರು ಹಾಕುತ್ತಿದ್ದಿರಿ. ಹಾಕಿದ್ದರೆ ಮಂಜಿ ಜುಲೈನಲ್ಲೇ ಮುಚ್ಚುತ್ತಿತ್ತು. ಸುಳ್ಳು ಹೇಳುವ ದೇವಕಿ ಬೇಕು ಎಂದು ಹಟ ಹಿಡಿದದ್ದು ವಿಕಾಸ್. ನಾನು ಎಷ್ಟೋ ಜಗಳ ಮಾಡಿದೆ. ಸೋತ ಮೇಲೆ, ಸುಳ್ಳೇ ಹೇಳುವುದಾದರೆ ಕೇಳಿದವರ ಎದೆ ಒಡೆಯುವ ಹಾಗಿರಲಿ ಎಂದುಕೊಂಡೆ. ಬರೆಯಲು ಕೂತರೆ ಎಲ್ಲವೂ ಸಪ್ಪೆ. ನಿಮ್ಮ ಮಾತು ಮಾತ್ರ ತಲೆಯಿಂದ ಇಳಿಯಲಿಲ್ಲ. ಮಾಸ್ತರರೂ ಬರೆಯದ ಮಾತು ಅದು ಅಕ್ಕ. ನಿಮ್ಮ ಮಾತಿಲ್ಲದಿದ್ದರೆ ಮಂಜಿ ಮುಳುಗುತ್ತಿತ್ತು. ಈಗ ಇನ್ನೂ ಮೂರು ವರ್ಷ ಓಡಿಸಲು ಒಪ್ಪಿಗೆ ಸಿಕ್ಕಿದೆ.

ಯಜಮಾನನಾದವನು ಎಲ್ಲರ ಬಳಿಯೂ ಏನಾದರೂ ಕಸಿದುಕೊಳ್ಳುತ್ತಾನೆ ಅಂತ ಕಾಣುತ್ತದೆ. ನಿಮ್ಮ ಬಳಿ ಹೆಚ್ಚು ಕಸಿದುಕೊಂಡೆ. ಕ್ಷಮಿಸಿ ಎಂದರೆ ನಂಬುವುದಿಲ್ಲ ನೀವು. ಆದರೂ ಕ್ಷಮಿಸಿ.

ನಿಮ್ಮ ತಮ್ಮ,
ಪೃಥ್ವಿ


ಅಲ್ ಹಿಲಾಲ್, ದೋಹಾ
15 ನವೆಂಬರ್ 2024

ಪೃಥ್ವಿರಾಜ್,

ಇನ್ನು ನಿನಗೆ ಬರೆಯುವುದಿಲ್ಲ ಎಂದುಕೊಂಡಿದ್ದೆ. ಬರೆಯಿಸಿಬಿಟ್ಟೆ.

ಯಾವುದೋ ಸಂದರ್ಶನದಲ್ಲಿ ನೀನು ಹೇಳಿದ್ದನ್ನು ಕೇಳಿದೆ. ಆ ಮಾತು ನಿಮಗೆ ಎಲ್ಲಿಂದ ಹೊಳೆಯಿತು ಎಂದು ಕೇಳಿದ್ದಕ್ಕೆ, ದೋಹಾದ ನನ್ನ ಅಕ್ಕನಂಥ ಒಬ್ಬರು ತಮ್ಮ ತಾಯಿ ತೀರಿದ ದಿನವೇ ತಾಳಮದ್ದಳೆಯಲ್ಲಿ ಆಡಿದ ಮಾತು ಎಂದೆ. ಹೆಸರು ಹೇಳಲಿಲ್ಲ, ದೊಡ್ಡ ಉಪಕಾರ. ದೋಹಾದಲ್ಲಿ ದೇವಕಿಯ ಅರ್ಥ ಹೇಳುವ ಹೆಂಗಸು ಯಾರೆಂದು ಮೂಲ್ಕಿಯಿಂದ ಉಳ್ಳಾಲದವರೆಗೆ ಗೊತ್ತಿಲ್ಲದವರುಂಟಾ?

ಅಪ್ಪ ಸುರತ್ಕಲ್ಲಿನಲ್ಲಿ ಅಣ್ಣನ ಜೊತೆ ಇರುವುದು ನಿನಗೆ ಗೊತ್ತು. ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರಾಗಿದ್ದಾಗ ಡ್ಯೂಟಿ ಮುಗಿಸಿ ನಡೆದುಕೊಂಡು ಹೋಗಿ ಆಟ ನೋಡುತ್ತಿದ್ದ ಮನುಷ್ಯ. ಆದರೆ ಸೂತಕದ ಮನೆಯಲ್ಲಿ ರೇಡಿಯೊ ಕೂಡ ಹಾಕಬಾರದು ಅವರಿಗೆ. ಅಜ್ಜಿ ಸತ್ತಾಗ ಪಕ್ಕದ ಮನೆಯ ಮಗು ಗಿಲಿಕೆ ಆಡಿಸಿದ್ದಕ್ಕೆ ಹೋಗಿ ಕೈ ಮುಗಿದು ನಿಲ್ಲಿಸಿದವರು. ಅತ್ತಿಗೆ ನಿನ್ನ ಸಂದರ್ಶನವನ್ನು ಅವರಿಗೆ ತೋರಿಸಿದಳು.

ಅಪ್ಪನೇ ಫೋನ್ ಮಾಡಿದರು. “ನಿನ್ನ ಅಮ್ಮ ಬೆಂಕಿಯಲ್ಲಿರುವಾಗ ನೀನು ತಾಳಮದ್ದಳೆಗೆ ಕೂತದ್ದು ಹೌದಾ?”

ಹೌದಪ್ಪ, ಆದರೆ, ಎಂದೆ. ಆದರೆ ಎಂಬುದರ ಆಚೆಗೆ ಅವರು ಕಾಯಲಿಲ್ಲ. ಆಮೇಲೆ ನನ್ನ ಫೋನ್ ಎತ್ತಿಲ್ಲ. ಅಣ್ಣನ ಫೋನಿನಲ್ಲಿ ಕೊಡು ಎಂದರೆ ಎದ್ದು ಬಚ್ಚಲಿಗೆ ಹೋಗುತ್ತಾರಂತೆ. ಅಣ್ಣ ಹೇಳಿ ನೋಡಿದ. ಆಟದಲ್ಲಿ ಅತ್ತದ್ದು ಆಟವೇ, ನಾನು ನೋಡದ ಆಟವಾ ಎಂದರಂತೆ. ನಿನ್ನ ದೇವಕಿಯೂ ಹಾಗೇ ಹೇಳಿದಳಲ್ಲ, ಅವರು ನಂಬದೆ ಏನು ಮಾಡುತ್ತಾರೆ. ನನಗೆ ರಜೆ ಸಿಗುವುದು ಏಪ್ರಿಲ್‌ನಲ್ಲಿ. ಎಂಬತ್ತು ದಾಟಿದ ಅಪ್ಪ, ಏಪ್ರಿಲ್ ಎಂದರೆ ನನಗೆ ಹೆದರಿಕೆ.

ನಿನ್ನ ಹತ್ತಿರ ಒಂದೇ ಒಂದು ಕೇಳುತ್ತೇನೆ. ಸರಣಿಯಿಂದ ಅದನ್ನು ತೆಗೆ ಎನ್ನುವುದಿಲ್ಲ, ನನ್ನ ಹೆಸರು ಹಾಕು ಎನ್ನುವುದಿಲ್ಲ. ಕದ್ರಿಯಿಂದ ಸುರತ್ಕಲ್ಲಿಗೆ ಬಸ್ಸು ಬೇಕಾದಷ್ಟುಂಟು. ಹೋಗಿ ಅಪ್ಪನ ಎದುರು ಕೂತು ಹೇಳು, ಅದು ಆಟವಾಗಿರಲಿಲ್ಲ, ನಿಮ್ಮ ಮಗಳಿಗೆ ಅಳಲು ಬೇರೆ ಜಾಗ ಇರಲಿಲ್ಲ ಅಂತ. ನಾನು ಹೇಳಿದರೆ ನೆವ. ನೀನು ಹೇಳಿದರೆ ಸಾಕ್ಷಿ, ಯಾಕೆಂದರೆ ಎದುರು ಕೂತಿದ್ದವ ನೀನು.

ಇಷ್ಟು ಮಾಡಿದರೆ ಉಳಿದದ್ದನ್ನೆಲ್ಲ ನಾನು ನುಂಗಿಕೊಳ್ಳುತ್ತೇನೆ ಪೃಥ್ವಿ.

ಜ್ಯೋತ್ಸ್ನಾ


ಕದ್ರಿ, ಮಂಗಳೂರು
12 ಡಿಸೆಂಬರ್ 2024

ಪ್ರೀತಿಯ ಜ್ಯೋತ್ಸ್ನಕ್ಕ,

ಹೋಗಿ ಬಂದೆ. ಎಲ್ಲ ಸರಿಯಾಯಿತು. ನೀವಿನ್ನು ನೆಮ್ಮದಿಯಾಗಿರಿ.

ತಡವಾದದ್ದಕ್ಕೆ ಬೇಸರ ಬೇಡ. ಹೋಗುತ್ತೇನೆ ಎಂದಾಗ ವಿಕಾಸ್, ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗಬಾರದು, ಗೌರವಿಸಿಯೇ ಬರೋಣ ಎಂದು ತಾನೂ ಹೊರಟ. ಶಾಲು, ಹಣ್ಣಿನ ಬುಟ್ಟಿ, ಚಿತ್ರ ತೆಗೆಯುವ ಇಬ್ಬರು. ನಿಮ್ಮ ಅಪ್ಪ ಮೊದಲು ಮುಖ ಗಂಟು ಹಾಕಿ ಕೂತಿದ್ದರು. ಸೂತಕದ ಮಾತು ತೆಗೆದರು. ನಾನು ಅದನ್ನು ಬುಡಸಮೇತ ಕಿತ್ತುಹಾಕಿದೆ ಅಕ್ಕ. ಅವತ್ತು ಕೂಟವೇ ನಡೆದಿರಲಿಲ್ಲ, ಸಂದರ್ಶನದಲ್ಲಿ ಜನರನ್ನು ಸೆಳೆಯಲು ನಾನು ಹಾಗೆ ಹೇಳಿದ್ದು, ಆ ಮಾತನ್ನು ನಿಮ್ಮ ಮಗಳು ಎಷ್ಟೋ ಕಾಲದ ಮೇಲೆ ಕೂತು ನಮಗಾಗಿ ಬರೆದುಕೊಟ್ಟದ್ದು ಎಂದೆ. ಅವರ ಮುಖ ಅರಳಿದ್ದು ನೀವು ನೋಡಬೇಕಿತ್ತು. ಹಾಗಾದರೆ ಸೂತಕ ಮುರಿಯಲಿಲ್ಲವಾ ಎಂದು ಮತ್ತೆ ಮತ್ತೆ ಕೇಳಿದರು. ಇಲ್ಲ ಎಂದೆ.

ನೀವು ಹೇಳಿದ ಹಾಗೇ ಹೇಳಬೇಕೆಂದೇ ಹೋಗಿದ್ದೆ. ಆದರೆ ಅವರ ಎದುರು ಕೂತಾಗ ಅನಿಸಿತು, ಅತ್ತದ್ದು ನಿಜವೆಂದು ಒಪ್ಪಿಸಿದರೂ ತಾಳಮದ್ದಳೆ ತಾಳಮದ್ದಳೆಯೇ ಅಲ್ಲವಾ. ಸತ್ಯ ಹೇಳಿದರೆ ಅರ್ಧ ಕೋಪ ಉಳಿಯುತ್ತಿತ್ತು. ಹೀಗೆ ಪೂರ್ತಿ ಹೋಯಿತು.

ವಿಡಿಯೊ ಕಳಿಸಿದ್ದೇನೆ, ಜನ ತುಂಬ ಮೆಚ್ಚಿದ್ದಾರೆ. ಇನ್ನೊಂದು ಸಂತೋಷದ ಸುದ್ದಿ. ಮುಂದಿನ ಭಾಗಕ್ಕೆ ದೇವಕಿಯ ಮಾತನ್ನೆಲ್ಲ ನೀವೇ ಬರೆಯಬೇಕು ಎಂದು ವಿಕಾಸ್ ಹಟ ಹಿಡಿದಿದ್ದಾನೆ. ಇನ್ನಾದರೂ ಕೋಪ ಬಿಡಿ.

ನಿಮ್ಮ ತಮ್ಮ,
ಪೃಥ್ವಿ


ಅಲ್ ಹಿಲಾಲ್, ದೋಹಾ
10 ಜನವರಿ 2025

ಪೃಥ್ವಿರಾಜ್ ಅವರಿಗೆ,

ನಿಮ್ಮ ಪತ್ರ ಬಂತು. ವಿಡಿಯೊವನ್ನೂ ನೋಡಿದೆ. ಕೂಟದವರು ನನಗಿಂತ ಮೊದಲೇ ನೋಡಿದ್ದರು. ಅಭಿಮಾನಿಯ ಮನೆಗೆ ಹೋಗಿ ಹಿರಿಯರ ಕಾಲು ಮುಟ್ಟಿ ನಮಸ್ಕರಿಸಿದ ಯಜಮಾನ ಮಾಸ್ತರರ ನಂತರ ಇವನೊಬ್ಬನೇ ಎಂದು ಮೊಯ್ದಿನ್ ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದಾನೆ. ಮಸ್ಕತ್ತಿನವರು, ಕುವೈತಿನವರು ನಿಮಗೆ ಅಭಿನಂದನೆ ಬರೆದಿದ್ದಾರಂತೆ. ನನ್ನ ಅಭಿಪ್ರಾಯ ಕೇಳಿದರು. ಮಂಜಿ ಹೋಗುತ್ತಾ ಇದೆ, ಜನ ತುಂಬಿದ್ದಾರೆ, ಇನ್ನೇನು ಬೇಕು ಎಂದೆ.

ವಿಕಾಸ್ ಅವರಿಗೆ ನಾನು ಬರೆಯುವುದಿಲ್ಲ ಎಂದು ತಿಳಿಸಿ. ಕೂಟದಲ್ಲಿ ದೇವಕಿಯ ಅರ್ಥವನ್ನೂ ಉಮಾವತಿಗೆ ಬಿಟ್ಟುಕೊಟ್ಟಿದ್ದೇನೆ. ಒಮ್ಮೆ ಕೂತು ನೋಡಿದೆ. ತನಿಯಣ್ಣ ಪದ ಮುಗಿಸಿದ, ನಾನು ಬಾಯಿ ತೆರೆದೆ. ಈ ಮಾತನ್ನು ಯಾರು ಎಲ್ಲಿಗೆ ಒಯ್ಯುತ್ತಾರೋ ಎಂದು ಒಂದೊಂದು ಮುಖವನ್ನೂ ನೋಡತೊಡಗಿದೆ. ಹಾಗೆ ನೋಡುತ್ತ ಅರ್ಥ ಹೇಳಲಿಕ್ಕಾಗುವುದಿಲ್ಲ. ಈಗ ಶುಕ್ರವಾರ ಬಂದವರಿಗೆ ಚಹಾ ಮಾಡಿ ಕೊಡುತ್ತೇನೆ. ಸುಂಕದವನ ಜಾಗದಲ್ಲಿ ಯಾರು ಬೇಕಾದರೂ ಕೂರಲಿ ಎಂದು ಹೇಳಿದ್ದೇನೆ.

ಅಪ್ಪ ಈಗ ದಿನಾ ಸಂಜೆ ಫೋನ್ ಮಾಡುತ್ತಾರೆ. ಅಮ್ಮ ಇದ್ದಾಗಲೂ ನನ್ನ ಜೊತೆ ಇಷ್ಟು ಮಾತಾಡಿದವರಲ್ಲ. ಮಗಳು ಬರೆದದ್ದು ಎಂದು ಆ ಕಂತನ್ನು ಬಂದವರಿಗೆಲ್ಲ ತೋರಿಸುತ್ತಾರಂತೆ. ಕಳೆದ ವಾರ ಧೈರ್ಯ ಮಾಡಿ, ಅಪ್ಪ, ಆ ದಿನದ ವಿಷಯ ಒಂದು ಹೇಳುವುದುಂಟು ಎಂದೆ. ಆ ದಿನದ್ದು ಬಿಡು ಮಗಾ, ಅದು ಸುಳ್ಳಂತಲ್ಲ, ಆ ಹುಡುಗ ಬಂದು ಹೇಳಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬರುತ್ತಾ ಉಂಟು ಎಂದರು. ನಿದ್ದೆ ಬರುತ್ತಾ ಉಂಟು ಎಂದವರಿಗೆ ಏನು ಹೇಳುವುದು? ಹೇಳಿದರೆ ಅಪ್ಪನನ್ನು ಕಳೆದುಕೊಳ್ಳಬೇಕು. ಅವರ ಮಟ್ಟಿಗೆ ಅಮ್ಮ ಸತ್ತ ದಿನ ನಾನು ಅಳಲೇ ಇಲ್ಲ ಎಂದಾಯಿತು, ಅದನ್ನು ಹಾಗೇ ಇರಲು ಬಿಟ್ಟಿದ್ದೇನೆ.

ನಿನ್ನೆ ಸಂಜೆ ಮತ್ತೆ ಅದನ್ನೇ ನೋಡಿ ಫೋನ್ ಮಾಡಿದ್ದರು. “ಎಷ್ಟು ಚೆಂದ ಬರೆದಿದ್ದೀ ಮಗಾ,” ಎಂದರು. “ನಿಜವಾಗಿ ಅಮ್ಮನನ್ನು ಕಳಕೊಂಡವಳೇ ಮಾತಾಡಿದ ಹಾಗೆ ಉಂಟು.”

ನಾನು ಹೂಂ ಎಂದೆ.

ಜ್ಯೋತ್ಸ್ನಾ